ಒರಗಿದ್ದಾರೆ

ಆ ಭಾನುವಾರ ಮಾವ ಲೆಯಾಸೊ ತಟ್ಟೆಯನ್ನು ಮುಂದಕ್ಕೆ ತಳ್ಳಿದಾಗ ಪೆನೀನಾಳಿಗೆ ಮೊದಲು ಬಂದದ್ದು ಚಿಂತೆಯಲ್ಲ, ಸಿಟ್ಟು.

ಚರ್ಚಿನಿಂದ ಬಂದವಳು ಬಿಳಿ ಬಟ್ಟೆಯನ್ನೂ ಬದಲಿಸದೆ ಬಡಿಸಿದ ಊಟ ಅದು. ಗಂಡ ಲಫಾಯೆಲೆ ಕತ್ತಲಿರುವಾಗಲೇ ಎದ್ದು ಕಲ್ಲು ಕಾಯಿಸಿ, ಕೆಸುವಿನ ಗೆಡ್ಡೆ, ದೀವಿಹಲಸು, ತೆಂಗಿನ ಹಾಲು ತುಂಬಿದ ಕೆಸುವಿನ ಎಲೆ ಎಲ್ಲವನ್ನೂ ಹಬೆಗೆ ಹೂತಿಟ್ಟಿದ್ದ. ಅವಳು ಇನ್ನೊಂದು ಒಲೆಯಲ್ಲಿ ಕುರಿಮಾಂಸದ ಸಾರು ಮಾಡಿದ್ದಳು. ಮಾವನಿಗೆ ಈಗೀಗ ಗಟ್ಟಿ ಸೇರುತ್ತಿಲ್ಲವೆಂದು ಬೇರೆ ಗಂಜಿಯನ್ನೂ ಕಾಯಿಸಿದ್ದಳು. ಸೊಸೆಯಾದವಳು ಬೀಸಣಿಗೆ ಹಿಡಿದು ನೊಣ ಓಡಿಸುತ್ತ ಕೂತಿರಬೇಕು. ಎಲ್ಲರೂ ಉಂಡೆದ್ದ ಮೇಲೆ ಉಳಿದದ್ದು ಅವಳಿಗೆ. ಬೀಸಿ ಬೀಸಿ ಮೊಣಕೈ ನೋಯುತ್ತಿತ್ತು, ಹೊಟ್ಟೆ ಚುರುಗುಡುತ್ತಿತ್ತು, ಮಾವ ಎರಡು ತುತ್ತಿಗೆ ಕೈ ತೊಳೆಯಲು ನೀರು ಕೇಳಿದರು.

"ಸಾರು ಚೆನ್ನಾಗಿಲ್ವಾ ಮಾವ?"

ಉತ್ತರಿಸಿದ್ದು ಗೋಡೆಯಿಲ್ಲದ ಆ ಮನೆಯ ಪಕ್ಕದ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ ಮಾವನ ಅಕ್ಕ ಸಲೋತೆ. "ಲೆಯಾಸೊ ಅವರು ಸ್ವಲ್ಪ ಒರಗಿದ್ದಾರೆ. ತಟ್ಟೆ ಎತ್ತು."

"ಅಜ್ಜ ಒರಗಿಲ್ವಲ್ಲ, ನೆಟ್ಟಗೇ ಕೂತಿದಾರೆ," ಅಂದಳು ಮಗಳು ಲೂಪೆ. ಹೈಸ್ಕೂಲು ಹುಡುಗಿ, ಬಾಯಿ ಸುಮ್ಮನಿರುವುದಿಲ್ಲ.

"ಇವಳ ನಾಲಿಗೆಗೆ ಯಾರು ಎಣ್ಣೆ ಹಚ್ಚಿದ್ದು?" ಸಲೋತೆ ಕೇಳಿದ್ದು ಲೂಪೆಯನ್ನಲ್ಲ, ಪೆನೀನಾಳನ್ನು.

ಸವಾಯಿ ದ್ವೀಪದ ಆ ಊರಿನಲ್ಲಿ ಮುಖಂಡರಿಗೆ ಕಾಯಿಲೆ ಬರುವುದಿಲ್ಲ. ಅವರು ಉಣ್ಣುವುದಿಲ್ಲ, ಸ್ವೀಕರಿಸುತ್ತಾರೆ. ಮಲಗುವುದಿಲ್ಲ, ವಿಶ್ರಮಿಸುತ್ತಾರೆ. ತಲೆಯೋ ಕಾಲೋ ಕರುಳೋ, ಏನು ಕೆಟ್ಟರೂ ಅವರ ಬಗ್ಗೆ ಆಡಬಹುದಾದ ಮಾತು ಒಂದೇ: ಒರಗಿದ್ದಾರೆ. ನೋವು ಅನ್ನುವ ಮಾತು ಮಕ್ಕಳಿಗೆ, ಆಳುಗಳಿಗೆ, ನಾಯಿ ಹಂದಿಗಳಿಗೆ. ಸೊಸೆಯರಿಗೆ. ಲೆಯಾಸೊ ಎಂಬುದು ಮಾವನ ಹೆಸರೂ ಅಲ್ಲ, ಮನೆತನದ ಬಿರುದು. ಆ ಬಿರುದು ಹೊತ್ತ ದಿನದಿಂದ ಅವರ ಮೈಯ ಮೇಲೆ ಇಂಥ ಬಡ ಮಾತು ಬಿದ್ದಿರಲಿಲ್ಲ.

ಅಡುಗೆ ಗುಡಿಸಲಿನಲ್ಲಿ ಪೆನೀನಾ ತಟ್ಟೆಯನ್ನು ಕುಕ್ಕಿದಳು. "ಕೇಳು ನಿಮ್ಮಪ್ಪನ್ನ. ಎಲ್ಲಿ ಏನಾಗ್ತಿದೆ ಅಂತ ಒಂದ್ಸಲ ಕೇಳು."

ಲಫಾಯೆಲೆ ತಂದೆ ಬಿಟ್ಟ ಸಾರನ್ನು ತನ್ನ ಬಟ್ಟಲಿಗೆ ಸುರಿದುಕೊಳ್ಳುತ್ತಿದ್ದ. "ನಾನು ಹೇಗೆ ಕೇಳ್ಲಿ? ಅಪ್ಪನ ಹೊಟ್ಟೆ ವಿಚಾರ ಮಗ ಕೇಳೋದಾ?"

"ಹೊಟ್ಟೆ ಅಂತ ನಿನಗೆ ಹೇಗೆ ಗೊತ್ತು?"

"ಹಿಡ್ಕೊಂಡು ಕೂತಿರ್ತಾರಲ್ಲ."

"ಅಂದ್ರೆ ನೋಡಿದೀಯ."

"ನೋಡೋದಕ್ಕೆ ಏನು ಅಡ್ಡಿ?" ಅಂದ ಅವನು. ಒಳ್ಳೆಯವನು, ಕೈ ಎತ್ತಿದವನಲ್ಲ, ದುಡಿಯುವುದಕ್ಕೆ ಹಿಂದೆಗೆದವನಲ್ಲ. ಅದಕ್ಕೇ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಒಂದು ಹೆಚ್ಚಿನ ಕೆಲಸವಾಗಿತ್ತು ಅವಳಿಗೆ.

ಮರುವಾರ ಸಲೋತೆ ತೆಂಗಿನೆಣ್ಣೆಯ ಬಾಟಲಿ ತಂದು ಚಾಪೆ ಹಾಸಿಸಿದರು. ನೀವಿಸಿಕೊಳ್ಳಲು ಮೂರು ಊರಿನವರು ಅವರ ಕೈಗೆ ಹೊಟ್ಟೆ ಕೊಡುತ್ತಾರೆ. ಪೆನೀನಾ ಬಾಣಂತಿಯಾಗಿದ್ದಾಗ ಅವಳ ಸೊಂಟ ಹಿಡಿತಕ್ಕೆ ಬಂದದ್ದೂ ಆ ಕೈಯಿಂದಲೇ. ಅದನ್ನು ಅವಳು ಮರೆತವಳಲ್ಲ. ಅಕ್ಕ ಹಾಕಿದ ಗೆರೆಯನ್ನು ತಮ್ಮ ದಾಟುವ ವಾಡಿಕೆ ಆ ನಾಡಿನಲ್ಲಿಲ್ಲ, ತಮ್ಮ ಮುಖಂಡನಾದರೂ. ಲೆಯಾಸೊ ಅಂಗಾತ ಮಲಗಿ ತೊಲೆ ನೋಡಿದರು. ಸಲೋತೆಯ ಹೆಬ್ಬೆರಳು ಹೊಕ್ಕುಳ ಸುತ್ತ ಹುಡುಕಿ ಮೇಲಕ್ಕೆ ಹೋಗಿ, ಎದೆಗೂಡಿನ ಕೆಳಗೆ ನಿಂತಿತು.

"ಬಟ್ಟಿ ಜಾರಿದೆ," ಅಂದರು. "ಹೊಕ್ಕುಳ ಕೆಳಗೆ ಮಿಡೀಬೇಕಾದ್ದು ಇಲ್ಲಿ ಬಂದು ಕೂತಿದೆ. ಸಿಟ್ಟಿರೋ ಮನೇಲಿ ಬಟ್ಟಿ ನಿಲ್ಲಲ್ಲ."

ಅದು ಯಾರಿಗೆಂದು ಪೆನೀನಾಳಿಗೆ ಗೊತ್ತಾಯಿತು.

ದಿನ ಬಿಟ್ಟು ದಿನ ನೀವುವುದು ನಡೆಯಿತು. ಪ್ರತಿ ಸಲವೂ ಮೊದಲು ಬೆಚ್ಚನೆಯ ಒಂದು ಬಟ್ಟಲು ಗಂಜಿ, ಆಮೇಲೆ ಎಣ್ಣೆ. ಎದ್ದಾಗ ಲೆಯಾಸೊ ಅವರ ಮುಖ ಅರಳಿರುತ್ತಿತ್ತು, ಸಲೋತೆ ನೋಡಿದಿರಾ ಎಂಬಂತೆ ಎಲ್ಲರ ಮುಖ ನೋಡುತ್ತಿದ್ದರು. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಮತ್ತೆ ಮಾವನ ಮುಷ್ಟಿ ಎದೆಗೂಡಿನ ಕೆಳಗಿರುತ್ತಿತ್ತು. ಪೆನೀನಾ ಎರಡು ವಾರ ನೋಡಿದಳು. ನೋಡುವುದಕ್ಕೆ ಅಡ್ಡಿಯಿರಲಿಲ್ಲವಲ್ಲ.

"ದೊಡ್ಡತ್ತೆ, ಗಂಜಿ ಕುಡಿದ್ಮೇಲೇ ಅವ್ರಿಗೆ ಹಗುರ ಆಗೋದು," ಅಂದಳು ಒಂದು ದಿನ, ಎಣ್ಣೆಯ ಬಟ್ಟೆ ಮಡಿಸುತ್ತ. "ನೀವು ಕೈ ಹಚ್ಚೋ ಮುಂಚೆನೇ ಮುಖ ಸಡಿಲ ಆಗಿರುತ್ತೆ."

"ನೊಣ ಓಡಿಸು ಅಂತ ಕೂರಿಸಿದ್ರೆ ಮುಖ ಓದ್ಕೊಂಡು ಕೂತಿದೀಯಾ?"

"ಬೆಳಿಗ್ಗೆ ಖಾಲಿ ಹೊಟ್ಟೇಲಿ ಆ ಗುಳಿಗೆ ನುಂಗ್ತಾರೆ, ಎರಡೆರಡು. ಮಧ್ಯಾಹ್ನ ಮತ್ತೆ. ಅದು ಶುರುವಾದ್ಮೇಲೇ ಇದೆಲ್ಲ."

ಲೆಯಾಸೊಗೆ ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಳ್ಳುವ ಗೌಟ್ ಇತ್ತು. ಆಕ್ಲೆಂಡಿನಲ್ಲಿರುವ ಕಿರಿಯ ಮಗ ಪಿಟಾ ಯಾರು ಊರಿಗೆ ಹೊರಟರೂ ಅವರ ಕೈಯಲ್ಲಿ ನೋವಿನ ಗುಳಿಗೆಯ ದೊಡ್ಡ ಡಬ್ಬಿ ಕಳಿಸುತ್ತಿದ್ದ. ಹೊಸ ಚರ್ಚ್ ಸಭಾಂಗಣದ ಉದ್ಘಾಟನೆ ಹತ್ತಿರ ಬಂದಿತ್ತು. ಅಂದು ಮುಖಂಡರ ಕೋಲು ಹಿಡಿದು ನಿಂತು ಊರ ಪರವಾಗಿ ಭಾಷಣ ಮಾಡಬೇಕಾದವರು ಅವರು. ಹೆಬ್ಬೆರಳು ಕೈ ಕೊಡಬಾರದೆಂದು ಗುಳಿಗೆ ಹೆಚ್ಚಾಗಿತ್ತು.

"ಗುಳಿಗೆ ಕಾಲಿಗೆ," ಅಂದರು ಸಲೋತೆ. "ಕಾಲಿನ ಗುಳಿಗೆಗೂ ಹೊಟ್ಟೆಗೂ ಏನು ನೆಂಟಸ್ತಿಕೆ?"

"ಬಾಯಿಂದ ಕಾಲಿಗೆ ಹೋಗೋ ದಾರೀಲಿ ಹೊಟ್ಟೆ ಸಿಗಲ್ವಾ ಅಜ್ಜಿ?" ಅಂದಳು ಲೂಪೆ.

ಸಲೋತೆ ಬಾಟಲಿಯ ಬಿರಡೆ ಬಿಗಿದರು. "ಪೆನೀನಾ, ನಿನ್ನ ತವರಲ್ಲಿ ಸೊಸೆಯಂದಿರು ಹೀಗೆ ಮಾತಾಡ್ತಿದ್ರೋ ಏನೋ. ಇಲ್ಲಿ ಮೊದಲು ನೆಲ ಗುಡಿಸ್ತಾರೆ."

ಅವಳು ಗುಡಿಸಿದಳು. ಪೊರಕೆಯ ಕಡ್ಡಿಗಳು ಮುರಿಯುವ ಹಾಗೆ ಗುಡಿಸಿದಳು.

ಅಂದಿನಿಂದ ಗಂಡನನ್ನು ಬಿಡಲಿಲ್ಲ. ತೋಟಕ್ಕೆ ಹೊರಟರೆ ಬುಟ್ಟಿ ಕೊಡುವಾಗ ಒಂದು ಸಲ, ಬಂದರೆ ನೀರು ಕೊಡುವಾಗ ಒಂದು ಸಲ. ಕೊನೆಗೆ ಅವನು ಸೋತು ಜಿಲ್ಲಾಸ್ಪತ್ರೆಗೆ ಫೋನು ಮಾಡುತ್ತೇನೆಂದ. ಮಾಡುವ ಮುಂಚೆ ಮುಖ ತೊಳೆದು ಒಗೆದ ಅಂಗಿ ಹಾಕಿಕೊಂಡ, ಫೋನಿನಲ್ಲಿ ಅಂಗಿ ಕಾಣುತ್ತದೆಂಬಂತೆ. ಪೆನೀನಾ ಪಕ್ಕದಲ್ಲೇ ನಿಂತಳು.

ಆ ಕಡೆ ಎತ್ತಿಕೊಂಡದ್ದು ಒಬ್ಬ ಹಿರಿಯ ಗುಮಾಸ್ತ. ಲಫಾಯೆಲೆ ಮೊದಲು ಆಸ್ಪತ್ರೆಯಿರುವ ಊರಿನ ಮುಖಂಡರ ಬಿರುದುಗಳಿಗೆ ನಮಿಸಿದ. ಆ ಮನುಷ್ಯ ಈ ಊರಿನ ಬಿರುದುಗಳಿಗೆ ನಮಿಸಿದ. ದೇವರ ಕೃಪೆಯಿಂದ ಬೆಳಗಾದದ್ದಕ್ಕೆ ಇಬ್ಬರೂ ಸ್ತುತಿ ಹೇಳಿದರು.

"ತಮ್ಮ ಗಮನಕ್ಕೆ ಒಂದು ಅರಿಕೆ," ಅಂದ ಲಫಾಯೆಲೆ. "ನಮ್ಮ ಲೆಯಾಸೊ ಅವರು ಒರಗಿದ್ದಾರೆ."

"ಅಯ್ಯೋ, ಒರಗಿದ್ದಾರೆಯೇ? ವಿಶ್ರಮಿಸಲಿ, ಸ್ವಾಮಿ, ವಿಶ್ರಮಿಸಲಿ. ಇಷ್ಟು ದೊಡ್ಡ ಕೆಲಸ ತಲೆ ಮೇಲಿದೆ. ನಮ್ಮೆಲ್ಲರ ಪ್ರಾರ್ಥನೆ ಅವರ ಜೊತೆಗಿದೆ."

"ತಮ್ಮ ಮಾತು ನಮಗೆ ಬಲ."

ಫೋನಿಟ್ಟು ಅವನು ಗೆದ್ದವನ ಹಾಗೆ ತಿರುಗಿದ. "ವಿಶ್ರಾಂತಿ ಬೇಕಂತೆ."

"ಡಾಕ್ಟ್ರು ಹೇಳಿದ್ರಾ?"

"ಆಸ್ಪತ್ರೆಯವ್ರು ಹೇಳಿದ್ರು."

"ಎಲ್ಲಿ ನೋವು ಅಂತ ಕೇಳಿದ್ರಾ? ವಾಂತಿ ಇದೆಯಾ ಅಂತ ಕೇಳಿದ್ರಾ? ಏನು ತಿಂತಾರೆ, ಯಾವ ಗುಳಿಗೆ ನುಂಗ್ತಾರೆ, ಒಂದಾದ್ರೂ ಕೇಳಿದ್ರಾ?"

"ಅವ್ರು ಹೇಗೆ ಕೇಳ್ತಾರೆ? ನಾನು ಹೇಳಿದ್ದೇ ಆ ಥರ."

"ಗೊತ್ತಿದ್ದೂ ಹೇಳಿದೀಯಲ್ಲ," ಅಂದಳು ಪೆನೀನಾ. ಅವನ ಒಗೆದ ಅಂಗಿಯನ್ನು ನೋಡಿದರೆ ಹರಿದು ಹಾಕೋಣ ಅನ್ನಿಸಿತು. ಒಗೆದವಳೂ ತಾನೇ ಎಂದು ನೆನಪಾಗಿ ಸುಮ್ಮನಾದಳು.

ಮುಂದಿನ ವಾರ ಲೆಯಾಸೊ ಚಾಪೆಯಿಂದ ಏಳುವಾಗ ಕಂಬ ಹಿಡಿದುಕೊಳ್ಳತೊಡಗಿದರು. ನಾಲ್ಕು ಹೆಜ್ಜೆಗೆ ನಿಂತು ಉಸಿರು ತೆಗೆದುಕೊಳ್ಳುವರು; ಯಾರಾದರೂ ನೋಡಿದರೆ ಸಮುದ್ರ ನೋಡುತ್ತಿರುವಂತೆ ನಟಿಸುವರು. ತುಟಿ ಬಿಳಿಚಿಕೊಂಡಿತ್ತು. ಉಟ್ಟ ಬಟ್ಟೆ ಸೊಂಟದಲ್ಲಿ ನಿಲ್ಲದೆ ಎರಡು ಸುತ್ತು ಹೆಚ್ಚಾಗಿ ಸುತ್ತುತ್ತಿದ್ದರು.

ಹಿತ್ತಲ ಕಕ್ಕಸು ತೊಳೆಯುವುದೂ ಪೆನೀನಾಳ ಪಾಲಿನ ಕೆಲಸ. ಆ ಬೆಳಿಗ್ಗೆ ಮಾವ ಹೋಗಿಬಂದ ಮೇಲೆ ಬಕೆಟ್ ಹಿಡಿದು ಒಳಗೆ ಹೋದವಳು ಹಾಗೇ ನಿಂತಳು. ರಸ್ತೆಗೆ ಹಾಕುವ ಟಾರಿನ ಹಾಗೆ ಕಪ್ಪು, ಅಂಟು. ಒಂದು ಬಕೆಟ್ ನೀರಿಗೆ ಬಿಡಲಿಲ್ಲ, ಎರಡಕ್ಕೂ ಬಿಡಲಿಲ್ಲ. ನಾತವೂ ಎಂದಿನದಲ್ಲ. ಕಸಾಯಿಖಾನೆಯ ಮೋರಿಯಂಥದ್ದು.

ನೀರು ಹಾಕದೆ ಗಂಡನನ್ನು ಕರೆತಂದಳು. "ನೋಡು."

ಅವನು ಬಾಗಿಲಲ್ಲೇ ಮುಖ ತಿರುಗಿಸಿದ. "ಏನೇ ಇದು. ಅಪ್ಪನದು ನಾನು ನೋಡೋದಾ?"

"ನಾನು ತೊಳೀಬಹುದು, ನೀನು ನೋಡಬಾರದಾ?"

"ಕೋಕೋ ಜಾಸ್ತಿ ಕುಡೀತಾರೆ. ಅದಕ್ಕೇ ಕಪ್ಪು."

"ಕೋಕೋ ಈ ಮನೇಲಿ ಎಲ್ಲರೂ ಕುಡೀತೀವಿ. ನೀನು ಮೂರು ಲೋಟ ಕುಡೀತೀಯ. ನಿನ್ನದೂ ನಾನೇ ತೊಳೀತೀನಿ, ನನಗೆ ಗೊತ್ತಿಲ್ವಾ?"

ಅವನ ಕಿವಿ ಕೆಂಪಾಯಿತು. "ಉದ್ಘಾಟನೆ ಆಗ್ಲಿ. ಇನ್ನೇನು ಬಂದೇ ಬಿಡ್ತು. ಈಗ ಆಸ್ಪತ್ರೆಗೆ ಹೊರಟ್ರೆ ಭಾಷಣ ಬೇರೆ ಮನೆತನಕ್ಕೆ ಹೋಗುತ್ತೆ. ಅತ್ತೆ ನನ್ನ ಜೀವ ತೆಗೀತಾರೆ."

"ಒಬ್ಬರ ಜೀವ ಆಗ್ಲೇ ಹೋಗ್ತಿದೆ ಕಣೋ," ಅಂದಳು ಪೆನೀನಾ. ಅವನು ಬುಟ್ಟಿ ತೆಗೆದುಕೊಂಡು ತೋಟಕ್ಕೆ ಹೊರಟ. ಅಂದು ಅವಳು ಅವನಿಗೆ ಊಟ ಕಳಿಸಲಿಲ್ಲ.

ತಿಂಗಳಿಗೊಮ್ಮೆ ಹೆಂಗಸರ ಸಮಿತಿಯ ಮನೆಗೆ ಜಿಲ್ಲೆಯಿಂದ ನರ್ಸ್ ಬರುತ್ತಾಳೆ. ಕೂಸುಗಳನ್ನು ತೂಗಿ, ಚುಚ್ಚುಮದ್ದು ಹಾಕಿ, ಬಸುರಿಯರ ಹೊಟ್ಟೆ ಮುಟ್ಟಿ ನೋಡಿ ಹೋಗುತ್ತಾಳೆ. ಫಿಯಾ ಎಂಬ ದಪ್ಪನೆಯ ಹೆಂಗಸು, ಬೇರೆ ದ್ವೀಪದವಳು, ಮಾತಿನಲ್ಲಿ ಸಕ್ಕರೆ ಕಡಿಮೆ. ಸಮಿತಿಯ ಅಧ್ಯಕ್ಷೆ ಸಲೋತೆ. ಆ ದಿನವೂ ಮುಂದಿನ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಯಾರ ಮಗುವಿನ ಮೂಗು ಸೋರುತ್ತಿದೆ ಎಂದು ಗಮನಿಸುತ್ತಿದ್ದರು. ಪೆನೀನಾಳಿಗೆ ತೂಗಲು ಕೂಸಿರಲಿಲ್ಲ. ಆದರೂ ಸರತಿಯಲ್ಲಿ ಕೂತಳು.

ಅವಳು ಯೋಚಿಸಿ ಬಂದಿದ್ದಳು. ಮಾವನ ಮಲದ ಬಣ್ಣದ ಬಗ್ಗೆ ಇಷ್ಟು ಹೆಂಗಸರ ನಡುವೆ ಬಾಯಿ ಬಿಟ್ಟರೆ ಮುಖಂಡರ ಸಭೆಯಿಂದ ಮನೆಗೆ ದಂಡ ಬೀಳುತ್ತದೆ. ಆದರೆ ಒರಗಿದ್ದಾರೆ ಎಂಬಂಥ ದೊಡ್ಡ ಮಾತುಗಳೆಲ್ಲ ಇನ್ನೊಬ್ಬರ ಬಗ್ಗೆ ಆಡುವಾಗ ಮಾತ್ರ. ತನ್ನ ಬಗ್ಗೆ ತಾನು ಆಡುವಾಗ ಬಡ ಮಾತನ್ನೇ ಆಡಬೇಕು. ತನ್ನ ಮೈಯನ್ನು ತಾನೇ ಬಹುವಚನದಲ್ಲಿ ಕರೆದುಕೊಂಡವರನ್ನು ಊರು ನೋಡಿ ನಗುತ್ತದೆ. ತನ್ನ ಹೊಟ್ಟೆಗೆ ಯಾವ ಮಾತು ಬೇಕಾದರೂ ಹಾಕಬಹುದು.

"ಏನಮ್ಮ?" ಅಂದಳು ಫಿಯಾ.

"ಹೊಟ್ಟೆ ನೋವು ಸಿಸ್ಟರ್."

"ಎಲ್ಲಿ? ಬೆರಳಿಟ್ಟು ತೋರಿಸು."

ಪೆನೀನಾ ತನ್ನ ಎದೆಗೂಡಿನ ಕೆಳಗೆ, ಮಾವನ ಮುಷ್ಟಿ ಇರುವ ಕಡೆ ಬೆರಳಿಟ್ಟಳು.

"ಎಷ್ಟು ದಿನದಿಂದ?"

"ಒಂದು ತಿಂಗಳ ಮೇಲಾಯ್ತು."

"ಉಂಡ್ರೆ ಹೆಚ್ಚೋ ಕಡಿಮೆಯೋ?"

"ಏನಾದ್ರೂ ಹೊಟ್ಟೆಗೆ ಬಿದ್ರೆ ಕಡಿಮೆ. ಆಮೇಲೆ ಮತ್ತೆ ಬರುತ್ತೆ. ನಿದ್ದೆಯಿಂದಲೂ ಎಬ್ಬಿಸುತ್ತೆ."

"ಮೈ ಇಳಿದಿದೆಯಾ? ತಲೆ ಸುತ್ತು?"

"ಎರಡೂ. ಎದ್ದು ನಿಂತ್ರೆ ಕಂಬ ಬೇಕು."

"ಗುಳಿಗೆ ಏನಾದ್ರೂ?"

"ಕಾಲು ನೋವಿಗೆ. ಖಾಲಿ ಹೊಟ್ಟೇಲಿ, ಎರಡೆರಡು."

ಸಲೋತೆಯ ಕೈಯಲ್ಲಿದ್ದ ಬೀಸಣಿಗೆ ನಿಂತಿತು. ಫಿಯಾ ಬರೆಯುವುದನ್ನು ಬಿಟ್ಟು ಮುಖ ಎತ್ತಿದಳು. "ಹೊರಕಡೆ ಹೋದಾಗ ಬಣ್ಣ ನೋಡಿದೀಯಾ?"

"ಕಪ್ಪು. ಟಾರಿನ ಹಾಗೆ. ನೀರಿಗೆ ಬಿಡಲ್ಲ."

"ಕಬ್ಬಿಣದ ಗುಳಿಗೆ ತಗೊಳ್ತಿದೀಯಾ? ಅದಕ್ಕೂ ಕಪ್ಪಾಗುತ್ತೆ."

"ಇಲ್ಲ."

"ಇಷ್ಟೆಲ್ಲ ಇಟ್ಕೊಂಡು ಒಂದು ತಿಂಗಳು ಏನು ಮಾಡ್ತಿದ್ದೆ? ಅದು ಕಪ್ಪಲ್ಲಮ್ಮ, ರಕ್ತ. ಒಳಗೆ ಹುಣ್ಣು ಒಡೆದು ಸೋರ್ತಿದೆ. ನಾಳೆ ಅಲ್ಲ, ಈಗ ಹೊರಡಬೇಕು. ಬಾ ಇಲ್ಲಿ." ಫಿಯಾ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದಳು. ಇನ್ನೊಂದು ಕಣ್ಣನ್ನೂ ನೋಡಿದಳು. ಆಮೇಲೆ ಕೈ ತೆಗೆದಳು.

"ದಾಸವಾಳದ ಹಾಗೆ ಕೆಂಪಗಿದೆ. ಅಷ್ಟು ರಕ್ತ ಹೋದವಳ ರೆಪ್ಪೆ ಹೀಗಿರಲ್ಲ. ನೀನು ಹೇಳಿದ್ದು ಸುಳ್ಳೂ ಅಲ್ಲ, ಸುಳ್ಳು ಹೇಳೋವ್ರು ಇಷ್ಟು ಸರಿಯಾಗಿ ಹೇಳಲ್ಲ. ಯಾರ ಹೊಟ್ಟೆ ಇದು?"

ಒಂದು ಕೂಸು ತಕ್ಕಡಿಯ ಜೋಲಿಯಲ್ಲಿ ಅಳುತ್ತಿತ್ತು, ಯಾರೂ ಎತ್ತಿಕೊಳ್ಳಲಿಲ್ಲ.

"ಪೆನೀನಾ," ಅಂದರು ಸಲೋತೆ, ಮೆಲ್ಲಗೆ. "ಮನೆಗೆ ನಡಿ."

"ಯಾರದು ಅಂತ ಹೇಳದಿದ್ರೆ ನಾನು ಏನೂ ಮಾಡೋಕಾಗಲ್ಲ," ಅಂದಳು ಫಿಯಾ. "ಇವತ್ತು ಹೋದ್ರೆ ನಾನು ಬರೋದು ಮುಂದಿನ ತಿಂಗಳು. ಅಷ್ಟು ದಿನ ಆ ಮನುಷ್ಯ ಇರಲ್ಲ."

"ನನ್ನ ಮಾವನದು," ಅಂದಳು ಪೆನೀನಾ. ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಲೆಯಾಸೊಗೆ ಹೊಟ್ಟೆ ನೋವು. ನೋವು. ಒರಗಿಲ್ಲ, ಸಾಯ್ತಿದಾರೆ."

ಹೆಂಗಸರೆಲ್ಲ ತಲೆ ತಗ್ಗಿಸಿದರು. ಸಲೋತೆ ಎದ್ದು ಬಂದರು. ಬೀಸಣಿಗೆಯ ಹಿಡಿ ಪೆನೀನಾಳ ಭುಜಕ್ಕೆ ಬಿತ್ತು, ಒಂದು ಸಲ. "ನಾಯಿ ಬಗ್ಗೆ ಆಡೋ ಮಾತನ್ನ ಬಿರುದಿನ ಮೇಲೆ ಹಾಕಿದೆ. ಇಷ್ಟು ಜನರ ಮುಂದೆ."

"ನಾಯಿಗಾದ್ರೆ ಎಲ್ಲಿ ನೋವು ಅಂತ ಕೇಳ್ತೀವಿ ದೊಡ್ಡತ್ತೆ."

ಫಿಯಾ ಆಗಲೇ ಚೀಲ ಮುಚ್ಚುತ್ತಿದ್ದಳು. "ಬೈದಾಡೋದು ಜೀಪಲ್ಲಿ. ಮನೆ ತೋರಿಸಿ."

ಲೆಯಾಸೊ ಮುಂಗಂಬಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಸುದ್ದಿ ಜೀಪಿಗಿಂತ ಮುಂಚೆ ಬಂದಿತ್ತೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಲಫಾಯೆಲೆ ತೋಟದಿಂದ ಓಡಿ ಬಂದು ಮಣ್ಣುಗಾಲಿನಲ್ಲೇ ಅಂಗಳದಲ್ಲಿ ನಿಂತಿದ್ದ. ಫಿಯಾ ಚಪ್ಪಲಿ ಬಿಟ್ಟು ಒಳಗೆ ಬಂದು ಪದ್ಧತಿಯಂತೆ ಕೂತು, ಬಿರುದಿಗೆ ನಮಿಸಿ, ರೆಪ್ಪೆ ನೋಡಲು ಅನುಮತಿ ಕೇಳಿದಳು.

"ನನಗೇನೂ ಆಗಿಲ್ಲ," ಅಂದರು ಲೆಯಾಸೊ. "ನಮ್ಮ ಮನೆಯಲ್ಲಿ ತಲೆ ಕೆಟ್ಟವರೊಬ್ಬರಿದ್ದಾರೆ. ಕ್ಷಮಿಸಬೇಕು."

"ಕೇಳಿದ್ಯಾ?" ಅಂದರು ಸಲೋತೆ, ಪೆನೀನಾಳ ಕಡೆ ತಿರುಗಿ.

ಪೆನೀನಾ ಹೊರಗಿನ ಕಲ್ಲಿನ ಮೇಲೆ ನಿಂತಿದ್ದಳು. ಹಾಗೆ ನಿಂತು ಒಳಗೆ ಕೂತ ಮುಖಂಡರೊಡನೆ ಮಾತಾಡುವುದೇ ಒಂದು ತಪ್ಪು. ಕೂರಲಿಲ್ಲ.

"ಮಾವ, ಇವರ್ಯಾರೂ ಆ ಮಾತು ಆಡೋ ಹಾಗಿಲ್ಲ. ನಿಮ್ಮ ಮಗ ಆಡೋ ಹಾಗಿಲ್ಲ, ದೊಡ್ಡತ್ತೆ ಆಡೋ ಹಾಗಿಲ್ಲ. ನಾನು ಆಡಿದೆ, ದಂಡ ಬೀಳುತ್ತೆ. ಆದ್ರೆ ನಿಮ್ಮ ಹೊಟ್ಟೆ ಬಗ್ಗೆ ನೋವು ಅನ್ನೋ ಹಕ್ಕು ಇಡೀ ಊರಲ್ಲಿ ಒಬ್ಬರಿಗಿತ್ತು. ನಿಮಗೆ. ನಿಮ್ಮ ಬಗ್ಗೆ ನೀವು ಆಡಿದ್ರೆ ಯಾರ ಮರ್ಯಾದೇನೂ ಹೋಗಲ್ಲ. ಅದೇ ಪದ್ಧತಿ. ಭಾಷಣ ಮಾಡೋವಾಗ 'ನಾನು ಬಡವ, ನನ್ನ ಹರಕು ಮಾತು' ಅಂತ ಶುರು ಮಾಡಲ್ವಾ? ಒಂದು ತಿಂಗಳಿಂದ ನಾನು ಎರಡೆರಡು ಅಡುಗೆ ಮಾಡ್ತಿದೀನಿ, ನಿಮ್ಮ ಕಕ್ಕಸು ತೊಳೀತಿದೀನಿ, ಎಲ್ಲರ ಹತ್ರ ಬೈಸ್ಕೊಳ್ತಿದೀನಿ. ನೀವು ಒಂದು ಪದ ಆಡ್ಲಿಲ್ಲ."

ಲೆಯಾಸೊ ಸೊಸೆಯನ್ನು ನೋಡಲಿಲ್ಲ. ಲೂಪೆ ಯಾರೂ ಹೇಳದೆ ಒಂದು ಲೋಟ ನೀರು ತಂದು ಅಜ್ಜನ ಮುಂದಿಟ್ಟಳು. ಅವರು ಅದನ್ನು ಅರ್ಧ ಎತ್ತಿ, ಹಾಗೇ ಕೆಳಗಿಟ್ಟರು.

"ನೋವಿದೆ," ಅಂದರು. ಆಮೇಲೆ, ಆ ಮಾತು ತೆರೆದ ದಾರಿಯಲ್ಲಿ ಉಳಿದದ್ದೂ ಬಂದಂತೆ, "ತುಂಬಾ ನೋವಿದೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತೆ."

ಜೀಪಿನ ಹಿಂದಿನ ಸೀಟಿನಲ್ಲಿ, ಊರಿನ ಗಡಿ ದಾಟುವ ಮುಂಚೆಯೇ, ಅವರು ವಾಂತಿ ಮಾಡಿಕೊಂಡರು. ಕಾಫಿ ಗಸಿಯಂಥದ್ದು. ಲಫಾಯೆಲೆ ಎರಡೂ ಬೊಗಸೆಯಲ್ಲಿ ಹಿಡಿದು, ಮೊದಲ ಬಾರಿಗೆ ತಂದೆಯದನ್ನು ನೋಡಿದ.

ಜಿಲ್ಲಾಸ್ಪತ್ರೆಯಿಂದ ಅಂದೇ ದೋಣಿಯಲ್ಲಿ ಆಚೆ ದ್ವೀಪದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮಗನ ರಕ್ತ ಹೊಂದಿತು. ಚರ್ಚಿನ ಹುಡುಗರೂ ಕೊಟ್ಟರು. ಹುಣ್ಣು ಆಳವಾಗಿತ್ತು, ಗುಳಿಗೆ ಕೊರೆದದ್ದು. ಇನ್ನೆರಡು ದಿನ ಬಿಟ್ಟಿದ್ದರೆ ಶವಪೆಟ್ಟಿಗೆಗೆ ಅಳತೆ ಕೊಡಬೇಕಿತ್ತು ಎಂದು ಯುವ ಡಾಕ್ಟರೊಬ್ಬ ಲಫಾಯೆಲೆಗೆ ಬಡ ಮಾತಿನಲ್ಲೇ ಹೇಳಿದ. ಉದ್ಘಾಟನೆಯ ಭಾಷಣವನ್ನು ಬೇರೆ ಮನೆತನ ಮಾಡಿತು.

ಊರಲ್ಲಿ ಉಳಿದ ಪೆನೀನಾಳೊಡನೆ ಸಲೋತೆ ಮಾತಾಡಲಿಲ್ಲ. ಮಾತಾಡಿದ್ದು ಅವಳಿಗೆ ಕೇಳಿಸುವಂತೆ, ಬೇರೆಯವರೊಡನೆ. "ನಾನು ನೀವಿ ನೀವಿ ಹಿಡಿದಿಟ್ಟದ್ದಕ್ಕೇ ಆಸ್ಪತ್ರೆ ತನಕ ಜೀವ ನಿಂತದ್ದು."

"ನೀವಿದ್ದಕ್ಕೇ ಒಡೆದದ್ದು ಅಂತ ಡಾಕ್ಟ್ರು ಹೇಳ್ಲಿಲ್ಲ, ಸುಮ್ನಿರು," ಅಂದಳು ಪೆನೀನಾ ಮಗಳಿಗೆ, ಲೂಪೆ ಬಾಯಿ ತೆರೆಯುವ ಮುಂಚೆ. "ಅವರ ಕೈಯಲ್ಲಿ ಕೆಡುಕಿಲ್ಲ. ಬಾಯಲ್ಲಿದೆ."

ಲೆಯಾಸೊ ಅರ್ಧ ಮೈಯಾಗಿ ಮನೆಗೆ ಬಂದ ಮೇಲಿನ ಮೊದಲ ಸೋಮವಾರ ಮುಖಂಡರ ಸಭೆ ಸೇರಿತು. ದಂಡ: ಮೀನಿನ ಡಬ್ಬಿಗಳ ಎರಡು ಪೆಟ್ಟಿಗೆ, ಒಂದು ದೊಡ್ಡ ಹಂದಿ. ಮನೆಯಲ್ಲಿದ್ದ ದೊಡ್ಡ ಹಂದಿ ಒಂದೇ, ಪೆನೀನಾ ಮರಿಯಿಂದ ತೆಂಗಿನಕಾಯಿ ತುರಿ ತಿನ್ನಿಸಿ ಸಾಕಿದ ಹೆಣ್ಣು ಹಂದಿ. ಅದರ ಮರಿಗಳ ಮೇಲೆ ಲೂಪೆಯ ಮುಂದಿನ ವರ್ಷದ ಓದು ನಿಂತಿತ್ತು. ಅಡುಗೆ ಗುಡಿಸಲಿನಲ್ಲಿ ಕೋಕೋ ಕಾಯಿಸುತ್ತಿದ್ದ ಅವಳಿಗೆ ಸಭೆಯ ಮಾತು ತೆರೆದ ಮನೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಮಾವ ಏನು ಹೇಳುತ್ತಾರೆಂದು ಸೌಟು ಎತ್ತಿ ಹಿಡಿದು ಕಾದಳು.

"ನಮ್ಮ ಮನೆಯಿಂದ ತಪ್ಪಾಗಿದೆ," ಅಂದರು ಲೆಯಾಸೊ, ಇಳಿದ ದನಿಯಲ್ಲಿ. "ದಂಡ ತಲೆ ಮೇಲೆ."

ಅಷ್ಟೇ. ಮುಂದೆ ಬೇರೆ ವಿಷಯ ಬಂತು. ಹಂದಿಯನ್ನು ಕಟ್ಟಿ ಎಳೆಯುವಾಗ ಅದು ಕಿರುಚಿದ್ದು ಊರ ತುದಿಯವರೆಗೆ ಕೇಳಿತು. ತನಗೆ ದಂಡ ಹಾಕಿದವರಿಗೆಲ್ಲ ಪೆನೀನಾ ಕೋಕೋ ಕೊಟ್ಟಳು, ಒಂದು ಹನಿ ಚೆಲ್ಲದೆ.

ಮರುದಿನ ಬೆಳಿಗ್ಗೆ ಗಂಜಿ ತಂದು ಮಾವನ ಮುಂದಿಟ್ಟಳು. ಬೀಸಣಿಗೆ ತರಲಿಲ್ಲ. ಅವರು ಬಟ್ಟಲನ್ನು ಮುಟ್ಟದೆ ಕೂತಿದ್ದರು. ಸಲೋತೆ ಎದುರಿನ ಕಂಬದ ಬಳಿ ಚಾಪೆಗೆ ಎಲೆ ಸೀಳುತ್ತಿದ್ದರು. ಲಫಾಯೆಲೆ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ.

"ಹಂದಿ ನಿನ್ನ ಕೈಯಲ್ಲಿ ಬೆಳೆದದ್ದು, ನನಗೆ ಗೊತ್ತು," ಅಂದರು ಲೆಯಾಸೊ.

"ಗೊತ್ತಿದ್ರೆ ನಿನ್ನೆ ಅಷ್ಟು ಜನರ ಮುಂದೆ ಹೇಳ್ಬೇಕಿತ್ತು. ಇವತ್ತು ನನಗೊಬ್ಬಳಿಗೆ ಹೇಳಿದ್ರೆ ಏನು ಬಂತು?"

"ಪೆನೀನಾ," ಅಂದ ಲಫಾಯೆಲೆ ಅಂಗಳದಿಂದ.

"ನೀನು ಕತ್ತಿ ಮಸಿ." ಅವಳು ಮಾವನ ಕಡೆ ತಿರುಗಿದಳು. "ಒಂದು ಸಲ ನಿಮ್ಮ ಬದಲು ನಾನು ಕೂಗಿದೆ. ಇನ್ಮೇಲೆ ನೋವಾದ್ರೆ ನೀವೇ ಕೂಗ್ಬೇಕು, ಬೀದಿಗೆ ಕೇಳೋ ಹಾಗೆ. ನನ್ನ ಹತ್ರ ಇನ್ನು ಹಂದಿ ಇಲ್ಲ."

ಕತ್ತಿ ಮಸೆಯುವ ಸದ್ದು ನಿಂತಿತು. ಸಲೋತೆಯ ಕೈಯೂ ನಿಂತಿತು. ಕೊಡ ಹೊತ್ತು ನಲ್ಲಿಗೆ ಹೋಗುತ್ತಿದ್ದ ನೆರೆಯ ಇಬ್ಬರು ಹೆಂಗಸರು ಬೀದಿಯಲ್ಲಿ ಹೆಜ್ಜೆ ನಿಧಾನ ಮಾಡಿದರು. ಲೆಯಾಸೊ ಆ ಹೆಂಗಸರನ್ನೂ ನೋಡಿದರು, ಅಕ್ಕನನ್ನೂ ನೋಡಿದರು. ಆಮೇಲೆ ಭಾಷಣಕ್ಕೆ ಮುಂಚೆ ಮಾಡುವ ಹಾಗೆ ಗಂಟಲು ಸರಿಮಾಡಿಕೊಂಡರು.

"ನನಗೆ ಹೊಟ್ಟೆ ನೋವು," ಅಂದರು, ಸಭೆಯ ದನಿಯಲ್ಲಿ. "ಇಲ್ಲಿ. ಬೆಳಿಗ್ಗೆಯಿಂದ."

ಬೀದಿಯ ಹೆಂಗಸರು ನಿಂತೇಬಿಟ್ಟರು. ಪೆನೀನಾಳ ಸಿಟ್ಟು ಇಳಿಯಲಿಲ್ಲ. ಹಂದಿ ಹೋಗಿತ್ತು, ಲೂಪೆಯ ವರ್ಷ ಎದುರಿಗಿತ್ತು. ಅವಳು ಮಾವನೆದುರು ಚಾಪೆಯ ಮೇಲೆ ಕೂತು ಅವರ ಬೆರಳು ತೋರಿಸಿದ ಜಾಗವನ್ನೇ ನೋಡಿದಳು.

"ಡಾಕ್ಟ್ರು ಕೊಟ್ಟ ಮಾತ್ರೆ ತಗೊಳ್ಳೋಕೆ ಮುಂಚೆಯೋ, ಆಮೇಲೋ?" ಎಂದು ಗದರಿಸುವ ದನಿಯಲ್ಲಿಯೇ ಕೇಳಿದಳು. "ಸರಿಯಾಗಿ ಹೇಳಿ."